ಎಚ್ ಅಂದರೆ ಯಾವ ಹೊಸಹಳ್ಳಿ? ಮನೆತನದ ಬೇರು ಹುಡುಕಲು ಊರ ಲೈಬ್ರರಿ

ನಮ್ಮ ತಾತ ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದೆವು. ಒಳಗೆ ಒಂದು ಕನ್ನಡಕ, ಹಳೇ ಪಂಚಾಂಗಗಳ ಕಟ್ಟು, ಒಂದಷ್ಟು ಕಂದಾಯದ ರಸೀದಿ, ಎಲ್.ಎಸ್. (ಲೋಯರ್ ಸೆಕೆಂಡರಿ) ಪರೀಕ್ಷೆ ಪಾಸಾದ ಸರ್ಟಿಫಿಕೇಟು. ಸರ್ಟಿಫಿಕೇಟಿನಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್: ಎಚ್, ಎನ್. ಎನ್ ಅಂದರೆ ಅವರ ಅಪ್ಪನ ಹೆಸರು, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಎಚ್ ಅಂದರೆ ಹೊಸಹಳ್ಳಿ, ಅದೂ ಗೊತ್ತು. ಯಾವ ಹೊಸಹಳ್ಳಿ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ.

ಹಳೇ ಮೈಸೂರಿನ ಕಡೆ ಹೊಸಹಳ್ಳಿ ಇಲ್ಲದ ತಾಲ್ಲೂಕು ಹುಡುಕುವುದೇ ಕಷ್ಟ. ಅಜ್ಜಿಯನ್ನು ಕೇಳಿದೆ.

"ತುಮಕೂರು ಸೀಮೆ ಕಣಪ್ಪಾ. ನಾನು ಮದುವೆಯಾಗಿ ಬರೋ ಹೊತ್ತಿಗೆ ಇವರು ಆ ಊರು ಬಿಟ್ಟು ಎಷ್ಟೋ ಕಾಲ ಆಗಿತ್ತು. ವರ್ಷಕ್ಕೊಂದ್ಸಲ ನಮ್ಮತ್ತೆ ಹಾಳೂರಮ್ಮನಿಗೆ ಅಂತ ತಂಬಿಟ್ಟಿನ ಆರತಿ ಎತ್ತಿಡೋರು. ಅಷ್ಟೇ ನಂಗೆ ಗೊತ್ತಿರೋದು."

ಆ ಮಾತನ್ನು ಸುಮ್ನೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ತಾತನ ಹೆಸರು, ಮುತ್ತಾತನ ಹೆಸರು ಗೂಗಲ್ಲಿನಲ್ಲಿ ಹಾಕಿ ಹುಡುಕಿದೆ. ಬಂದಿದ್ದು ಒಬ್ಬ ಡಾಕ್ಟರು, ಒಬ್ಬ ಸಿವಿಲ್ ಕಂಟ್ರಾಕ್ಟರು, ಹಿಂದೆ ಯಾವಾಗಲೋ ಚುನಾವಣೆಗೆ ನಿಂತು ಸೋತ ಒಬ್ಬರು. ಕೊನೆಗೆ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಕಲಿತದ್ದನ್ನು, ನನ್ನ ಹಾಗೆ ಟ್ರಂಕು ತೆರೆದು ಕೂತವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಹೆಸರು ಬಿಡಿ, ಊರು ಹಿಡಿಯಿರಿ

ಮೊದಲೇ ಹೇಳಿಬಿಡುತ್ತೇನೆ, ಲೈಬ್ರರಿಯಲ್ಲಿ ನಿಮ್ಮ ಮುತ್ತಾತನ ಹೆಸರು ನೇರವಾಗಿ ಸಿಗುವುದು ತೀರಾ ಅಪರೂಪ. ಇಂಗ್ಲೆಂಡ್, ಅಮೆರಿಕದಲ್ಲಿ ನೂರು ವರ್ಷದ ಹಿಂದಿನ ಜನಗಣತಿಯ ಹಾಳೆಗಳನ್ನೇ ಜನ ನೋಡಬಹುದು. ಯಾವ ಮನೆಯಲ್ಲಿ ಯಾರಿದ್ದರು, ಎಷ್ಟು ವಯಸ್ಸು, ಏನು ಕೆಲಸ, ಎಲ್ಲ ಅದರಲ್ಲಿ ಇರುತ್ತದೆ. ನಮ್ಮಲ್ಲಿ ಆ ದಾರಿ ಇಲ್ಲ. 1948ರ ಜನಗಣತಿ ಕಾಯ್ದೆ ಪ್ರಕಾರ ಒಬ್ಬೊಬ್ಬರ ವಿವರ ಗುಟ್ಟು. ಅಚ್ಚಾಗಿ ಹೊರಗೆ ಬರುವುದು ಒಟ್ಟು ಲೆಕ್ಕ ಮಾತ್ರ. ಇನ್ನು ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದಿದ್ದು 1969ರಲ್ಲಿ. ಅದಕ್ಕೂ ಮುಂಚೆ ಹಳ್ಳಿಯಲ್ಲಿ ಹುಟ್ಟಿದವರ ಹೆಸರು ರಿಜಿಸ್ಟರಿನಲ್ಲಿ ಸಿಕ್ಕರೆ ನಿಮ್ಮ ಪುಣ್ಯ.

ಹೆಸರೇ ಇನ್ನೊಂದು ತೊಡಕು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಪದ್ಧತಿ. ಹಾಗಾಗಿ ಒಂದು ತಲೆ ಬಿಟ್ಟು ಒಂದು ತಲೆಗೆ ಅದೇ ಹೆಸರು ತಿರುಗಿ ಬರುತ್ತದೆ. ನಾಲ್ಕು ಜನ ಅಣ್ಣತಮ್ಮಂದಿರಿದ್ದರೆ ನಾಲ್ಕು ಮನೆಯಲ್ಲೂ ಅದೇ ಹೆಸರಿನ ಹುಡುಗ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರಾದರೂ ಇದೆ. ನಮಗೆ ಇರುವುದು ಇನಿಶಿಯಲ್ಲು ಮಾತ್ರ.

ಆದರೆ ಆ ಇನಿಶಿಯಲ್ಲಿನಲ್ಲೇ ಊರು ಕೂತಿದೆ ಅಲ್ವಾ? ನಮ್ಮ ಕಡೆಯ ದಾಖಲೆಗಳೆಲ್ಲ ಊರಿನ ಲೆಕ್ಕದಲ್ಲೇ ಇರುವುದು. ಪಹಣಿ ತೆಗೆಯಬೇಕಾದರೂ ಮೊದಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಹೇಳಬೇಕು. ಅದಾದ ಮೇಲೆ ಸರ್ವೆ ನಂಬರು. ಹೆಸರು ಬರುವುದು ಕೊನೆಯಲ್ಲಿ. ಲೈಬ್ರರಿ ಕೆಲಸಕ್ಕೆ ಬರುವುದು ಇಲ್ಲಿ. ನಿಮ್ಮ ಊರು ಯಾವುದು, ನೂರು ವರ್ಷದ ಹಿಂದೆ ಅದು ಯಾರ ಆಡಳಿತದಲ್ಲಿತ್ತು, ಅಲ್ಲಿ ಏನಾಯಿತು, ಹೆಸರಿರುವ ಕಾಗದ ಈಗ ಯಾವ ಕಚೇರಿಯಲ್ಲಿದೆ ಅಂತ ತಿಳಿಯುವುದಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಹೋಗುವ ಮುಂಚೆ ಮನೆಯಲ್ಲಿ

ಬರಿಗೈಲಿ ಹೋದರೆ ಬರಿಗೈಲೇ ಬರುತ್ತೀರಿ. ಮನೆಯಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಮೊದಲು ಕೇಳಿ. "ನಮ್ಮ ವಂಶದ ಬಗ್ಗೆ ಹೇಳಿ" ಅಂದರೆ ಅವರಿಗೆ ಏನು ಹೇಳಬೇಕೋ ತೋಚುವುದಿಲ್ಲ. ಮನೆದೇವರು ಯಾವುದು, ಮುಡಿ ಕೊಡಲು ಎಲ್ಲಿಗೆ ಹೋಗುತ್ತಿದ್ದರು, ಬೆಡಗು ಅಥವಾ ಗೋತ್ರ ಯಾವುದು, ತುಳುನಾಡಿನವರಾದರೆ ಬರಿ ಯಾವುದು, ಹೆಣ್ಣು ಕೊಟ್ಟು ತಂದದ್ದು ಯಾವ ಊರುಗಳಿಂದ, ಸಂತೆಗೆ ಎಲ್ಲಿಗೆ ಹೋಗುತ್ತಿದ್ದರು ಅಂತ ಕೇಳಿ. ಸಂತೆ ಯಾವುದು ಅಂತ ಗೊತ್ತಾದರೆ ಊರು ಅದರ ಸುತ್ತ ಎರಡು ಮೂರು ಹರದಾರಿಯಲ್ಲೇ ಇರಬೇಕು.

ಮನೆದೇವರ ವಿಷಯದಲ್ಲಿ ಒಂದು ಮಾತು. ಮನೆದೇವರು ತಿರುಪತಿ ತಿಮ್ಮಪ್ಪ ಅಥವಾ ಮಲೆಮಹದೇಶ್ವರ ಅಂತಾದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಲಕ್ಷಾಂತರ ಮನೆಗಳಿಗೆ ಅದೇ ದೇವರು. ಯಾರೂ ಕೇಳಿರದ ಒಬ್ಬ ಸಣ್ಣ ಅಮ್ಮ, ಹೊಲದ ಬದಿಯ ಒಬ್ಬ ಭೂತಪ್ಪ ಆದರೆ ಅದಕ್ಕೆ ಬೆಲೆ ಜಾಸ್ತಿ. ಅಂಥ ದೇವರು ಊರು ಬಿಟ್ಟು ಹೋಗುವುದಿಲ್ಲ. ಮನೆತನ ಎಲ್ಲಿಂದ ಎದ್ದು ಬಂತೋ ಅಲ್ಲೇ ಉಳಿದಿರುತ್ತದೆ.

ಹಳೇ ಕಾಗದದಲ್ಲಿ ತಾರೀಖು ಸಂವತ್ಸರದಲ್ಲಿ ಇರಬಹುದು. ತಾತನ ಪಂಚಾಂಗಗಳಲ್ಲಿ ಒಂದರ ಅಂಚಿನಲ್ಲಿ ಮುತ್ತಾತ ಹೀಗೆ ಬರೆದಿದ್ದರು: "ಕಾಳಯುಕ್ತಿ ಕಾರ್ತೀಕ ಬಹುಳ ಪಂಚಮಿ, ತೀರ್ಥರೂಪರು ಸ್ವರ್ಗಸ್ಥರಾದರು." ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕಾಳಯುಕ್ತಿ 1858ರಲ್ಲೂ ಬಂದಿತ್ತು, 1918ರಲ್ಲೂ ಬಂತು, 1978ರಲ್ಲೂ ಬಂತು. ಮುತ್ತಾತನ ಕಾಲಕ್ಕೆ ಕೂಡುವುದು 1918 ಒಂದೇ. ಕಾರ್ತೀಕ ಬಹುಳ ಅಂದರೆ ಆ ವರ್ಷದ ನವೆಂಬರ್. ಇನ್‌ಫ್ಲುಯೆಂಜಾ ಊರೂರು ಗುಡಿಸಿಹಾಕಿದ ಕಾಲ ಅದು. ಅವರು ಅದರಲ್ಲೇ ಹೋದರೋ ಏನೋ, ಕಾಗದ ಹೇಳುವುದಿಲ್ಲ. ಆದರೂ ಆ ಒಂದು ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಹೀಗೇ "ಧಾತು ಈಶ್ವರದ ಬರದಲ್ಲಿ ಬಂದವರು" ಅಂತ ಹಿರಿಯರು ಹೇಳಿದರೆ ಅದು 1876ರಿಂದ 78ರ ದೊಡ್ಡ ಬರ. ಬೆಂಗಳೂರಿಗೆ ಪ್ಲೇಗ್ ಬಂದ 1898 ವಿಳಂಬಿ ಸಂವತ್ಸರ. ತಿಥಿಯನ್ನು ತಾರೀಖಿಗೆ ತಿರುಗಿಸಲು ದೊಡ್ಡ ಲೈಬ್ರರಿಗಳ ಆಕರ ವಿಭಾಗದಲ್ಲಿ ಹಳೇ ಪಂಚಾಂಗಗಳೂ ಕೋಷ್ಟಕಗಳ ಪುಸ್ತಕಗಳೂ ಇರುತ್ತವೆ.

ಕೌಂಟರಿನಲ್ಲಿ ಏನು ಕೇಳುವುದು

ನಾನು ಮೊದಲ ದಿನ ಹೋಗಿ ಕೇಳಿದ್ದು, "ಮೇಡಂ, ವಂಶಾವಳಿ ಪುಸ್ತಕ ಇದೆಯಾ?" ಅವರು ರಘುವಂಶದ ಕಡೆ ಕೈ ತೋರಿಸಿದರು. ತಪ್ಪು ನನ್ನದೇ.

ಎರಡನೇ ಸಲ ಸರಿಯಾಗಿ ಕೇಳಿದೆ, ಗೆಜೆಟಿಯರ್ ಅಂತ, ಅಂದರೆ ಜಿಲ್ಲೆಯ ಊರು, ಜನ, ಚರಿತ್ರೆಯನ್ನೆಲ್ಲ ಸರ್ಕಾರದವರು ಬರೆದಿಟ್ಟ ಪುಸ್ತಕ. "ತುಮಕೂರು ಜಿಲ್ಲೆ ಗೆಜೆಟಿಯರ್ ಬೇಕಿತ್ತು. ಹಳೇ ಸೆನ್ಸಸ್ ಹ್ಯಾಂಡ್‌ಬುಕ್ ಇದ್ದರೆ ಅದೂ ಬೇಕು."

"ಪಿಎಚ್‌ಡಿ ಮಾಡ್ತಿದ್ದೀರಾ?"

"ಇಲ್ಲ ಮೇಡಂ, ನಮ್ಮ ತಾತನ ಊರು ಹುಡುಕ್ತಿದೀನಿ."

ಅವರು ನಕ್ಕು, ಬೀಗದ ಕೈ ತಂದು ಒಳಗಿನ ಬೀರು ತೆಗೆದರು. ನಾನು ನೋಡಿದ ಮಟ್ಟಿಗೆ, ಇಂಥ ಪುಸ್ತಕಗಳು ಹೊರಗಿನ ರ್‍ಯಾಕಿನಲ್ಲಿ ಇರುವುದು ಕಡಿಮೆ. ಹೊರಗೆ ಕಾದಂಬರಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ಒಳಗೆ, ಬೀಗ ಹಾಕಿದ ಬೀರುವಿನಲ್ಲಿ, ದೂಳು ತಿನ್ನುತ್ತ ಇರುವುದು ನಿಮಗೆ ಬೇಕಾದದ್ದು. ಹಾಗಾಗಿ ರ್‍ಯಾಕು ನೋಡಿ "ಇಲ್ಲ" ಅಂತ ವಾಪಸ್ ಬರಬೇಡಿ, ಬಾಯಿಬಿಟ್ಟು ಕೇಳಿ. ಸಂಕೋಚ ಯಾಕೆ? 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ನಿಮ್ಮ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಸೇರಿರುತ್ತದೆ. ದುಡ್ಡು ಆಗಲೇ ಕೊಟ್ಟಿದ್ದೀರಿ.

ಆಕರ ಗ್ರಂಥಗಳನ್ನು ಮನೆಗೆ ಕೊಡುವುದಿಲ್ಲ. ಅಲ್ಲೇ ಕೂತು ನೋಡಬೇಕು. ಫೋಟೊ ತೆಗೆಯಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ಹಳೇ ಹಾಳೆ ಪುಡಿಪುಡಿ ಆಗುವಂತಿದ್ದರೆ ಜೆರಾಕ್ಸ್ ಮಾಡಿಸಲೇಬೇಡಿ. ಹೆಚ್ಚಿನ ಕಡೆ ಸೋಮವಾರ ರಜೆ, ಮರೆತು ಹೋಗಿ ಬಾಗಿಲು ನೋಡಿಕೊಂಡು ಬಂದಿದ್ದೇನೆ.

ಈಗ ಆ ಹ್ಯಾಂಡ್‌ಬುಕ್ಕಿಗೆ ಬರೋಣ. ಜನಗಣತಿ ಅಂದರೆ ಬರೀ ಅಂಕಿ ಅಂತ ಜನ ಮುಟ್ಟುವುದೇ ಇಲ್ಲ. 1951ರಿಂದ ಜಿಲ್ಲೆಗೊಂದು ಜನಗಣತಿ ಕೈಪಿಡಿ ಬರುತ್ತಿದೆ. ಅದರಲ್ಲಿ ತಾಲ್ಲೂಕುವಾರು ಪ್ರತಿ ಗ್ರಾಮದ ಹೆಸರು, ವಿಸ್ತೀರ್ಣ, ಮನೆ ಎಷ್ಟು, ಜನ ಎಷ್ಟು ಅಂತ ಇರುತ್ತದೆ. ಹೊಸಹಳ್ಳಿಯ ಸಮಸ್ಯೆ ಇರುವವರಿಗೆ ಇದಕ್ಕಿಂತ ಒಳ್ಳೆ ಪುಸ್ತಕ ಇಲ್ಲ. ಬೆರಳಿಟ್ಟುಕೊಂಡು ಕಾಲಂ ಇಳಿಯುತ್ತ ಹೋದೆ. ಅಜ್ಜಿ ಹೇಳಿದ ಸೀಮೆಯಲ್ಲಿ, ನೆಂಟರು ಇದ್ದ ಊರುಗಳ ಆಸುಪಾಸಿನಲ್ಲಿ, ಮೂರು ಹೊಸಹಳ್ಳಿ ಸಿಕ್ಕವು. ಒಂದು ದೊಡ್ಡದು. ಒಂದು ಸಣ್ಣದು. ಇನ್ನೊಂದರ ಮುಂದೆ ಎಕರೆ ಲೆಕ್ಕ ಇತ್ತು, ಜನಸಂಖ್ಯೆಯ ಜಾಗದಲ್ಲಿ ಮಾತ್ರ "ಜನವಸತಿ ಇಲ್ಲ" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಜನವೇ ಇಲ್ಲದ ಊರಿಂದ ನಾವು ಹೇಗೆ ಬರುತ್ತೇವೆ ಅಂತ ಅದನ್ನು ಹೊಡೆದುಹಾಕಿ, ಉಳಿದ ಎರಡನ್ನು ಬರೆದುಕೊಂಡೆ.

ನಿಮ್ಮ ಊರಿನ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಗಾಬರಿ ಬೇಡ. ಅದು ಮಜರೆ ಇರಬಹುದು. ಅಂದರೆ ದೊಡ್ಡ ಗ್ರಾಮವೊಂದಕ್ಕೆ ಸೇರಿದ ಸಣ್ಣ ಹಟ್ಟಿ, ಪಾಳ್ಯ, ಕೊಪ್ಪಲು. ಅಂಥವು ಮೂಲ ಗ್ರಾಮದ ಲೆಕ್ಕದಲ್ಲೇ ಮುಚ್ಚಿಹೋಗಿರುತ್ತವೆ. ಅಥವಾ ನೀರಿನ ಕೆಳಗೆ ಹೋಗಿರಬಹುದು. ಕೃಷ್ಣರಾಜಸಾಗರದಲ್ಲಿ ಹಳೇ ಕನ್ನಂಬಾಡಿ ಮುಳುಗಿತು. 1964ರಲ್ಲಿ ಮುಗಿದ ಲಿಂಗನಮಕ್ಕಿಯಿಂದ ಶರಾವತಿ ಕಣಿವೆಯ ಎಷ್ಟೋ ಊರು ಮುಳುಗಿದವು. ಆ ಮನೆತನಗಳಿಗೆ ಅಣೆಕಟ್ಟಿಗೆ ಮುಂಚಿನ ಪುಸ್ತಕಗಳೂ ನಕ್ಷೆಗಳೂ ಬೇಕಾಗುತ್ತವೆ.

ಆಗ ಊರು ಯಾರದ್ದು?

ಊರು ಸಿಕ್ಕ ಮೇಲೆ ಕೇಳಬೇಕಾದ ಪ್ರಶ್ನೆ ಇದು. ಇದನ್ನು ಬಿಟ್ಟರೆ ವರ್ಷಗಟ್ಟಲೆ ತಪ್ಪು ಕಚೇರಿಗೆ ಅಲೆಯುತ್ತೀರಿ.

1956ರ ನವೆಂಬರ್ 1ಕ್ಕೆ ಮುಂಚೆ ಇಂದಿನ ಕರ್ನಾಟಕ ಒಂದು ಕಡೆ ಇರಲಿಲ್ಲ. ಮೈಸೂರು ಸಂಸ್ಥಾನ ಒಂದು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈಗೆ. ದಕ್ಷಿಣ ಕನ್ನಡ ಮದರಾಸಿಗೆ. ಬಳ್ಳಾರಿಯೂ ಮದರಾಸಿಗೇ ಇತ್ತು, 1953ರಲ್ಲಿ ಮೈಸೂರಿಗೆ ಬಂತು. ರಾಯಚೂರು, ಕಲಬುರಗಿ, ಬೀದರ್ ಹೈದರಾಬಾದ್ ನಿಜಾಮರದ್ದು. ಕೊಡಗು ಬೇರೆಯೇ. ನಡುನಡುವೆ ಸಂಡೂರು, ಜಮಖಂಡಿ, ಮುಧೋಳ, ಸವಣೂರಿನಂಥ ಸಣ್ಣ ಸಂಸ್ಥಾನಗಳು. ಕೊಳ್ಳೇಗಾಲದ ಕತೆ ಇನ್ನೂ ಮಜ. ಈಗ ಚಾಮರಾಜನಗರ ಜಿಲ್ಲೆ, ಅದಕ್ಕೂ ಹಿಂದೆ ಮೈಸೂರು ಜಿಲ್ಲೆ, 1956ಕ್ಕೆ ಮುಂಚೆ ಮದರಾಸಿನ ಕೊಯಮತ್ತೂರು ಜಿಲ್ಲೆ. ಕೊಳ್ಳೇಗಾಲದವರು ಮೈಸೂರಿನ ಹಳೇ ಗೆಜೆಟಿಯರ್ ಎಷ್ಟು ತಿರುವಿದರೂ ಅವರ ಊರು ಸಿಗುವುದಿಲ್ಲ.

ಆಡಳಿತ ಬದಲಾದರೆ ಕಾಗದದ ಹೆಸರು, ಭಾಷೆ, ಲಿಪಿ ಎಲ್ಲ ಬದಲು. ಮೈಸೂರಿನ ಕಡೆ ಶಾನುಭೋಗರ ಲೆಕ್ಕ ಕನ್ನಡದಲ್ಲೇ. ಅದರಲ್ಲೂ ಹಳೆಯವು ಕಡತಗಳು, ಅಂದರೆ ಕಪ್ಪು ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಲ್ಲಿ ಬರೆದವು. ಧಾರವಾಡ, ಬೆಳಗಾವಿ ಕಡೆ ಹಳೇ ಕಾಗದ ಮೋಡಿ ಲಿಪಿಯಲ್ಲಿ ಇದ್ದರೆ ಆಶ್ಚರ್ಯ ಇಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದೇ ಉಸಿರಿಗೆ ಬರೆದ ಹಾಗೆ ಇರುತ್ತದೆ, ಓದಲು ಕಲಿತವರೇ ಬೇಕು. ನಿಜಾಮರ ಸೀಮೆಯಲ್ಲಿ ಉರ್ದು. ಅಲ್ಲಿಯವರಿಗೆ ಖಾಸ್ರಾ ಪಹಣಿ ಅನ್ನುವ ಮಾತು ಗೊತ್ತೇ ಇರುತ್ತದೆ. ಕರಾವಳಿಯ ಜಮೀನಿನ ಕಾಗದಗಳಲ್ಲಿ ವರ್ಗ, ಮೂಲಗೇಣಿ, ಚಾಲಗೇಣಿ, ಅಡಂಗಲ್ ಅನ್ನುವ ಮಾತುಗಳು. ಕರಾವಳಿಯ ಕ್ರೈಸ್ತ ಮನೆತನಗಳಿಗೆ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರು ಇದೆ. ಬಾಸೆಲ್ ಮಿಷನ್ನಿಗೆ ಸಂಬಂಧಪಟ್ಟವರಾದರೆ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹವೂ ಇದೆ. ಈ ವಿಷಯದಲ್ಲಿ ಅವರು ನಮಗಿಂತ ಅದೃಷ್ಟವಂತರು.

ಆಯಾ ಸೀಮೆಗೆ ಆಯಾ ಗೆಜೆಟಿಯರ್. ಮೈಸೂರಿನದ್ದು ಬಿ.ಎಲ್. ರೈಸ್ ಬರೆದದ್ದು, 1897ರ ಪರಿಷ್ಕೃತ ಆವೃತ್ತಿ ಎರಡು ಸಂಪುಟ. ಆಮೇಲೆ ಸಿ. ಹಯವದನರಾವ್ ಅವರ ಐದು ಸಂಪುಟ, 1927ರಿಂದ 1930ರೊಳಗೆ ಬಂದದ್ದು. ಧಾರವಾಡ, ಬೆಳಗಾವಿ, ಬಿಜಾಪುರದವರಿಗೆ 1884ರ ಬಾಂಬೆ ಗೆಜೆಟಿಯರ್. ದಕ್ಷಿಣ ಕನ್ನಡದವರಿಗೆ ಸ್ಟರಾಕ್ ಮತ್ತು ಸ್ಟುವರ್ಟ್ ಬರೆದ 1894–95ರ ಮ್ಯಾನುಯಲ್. ಇವುಗಳಲ್ಲಿ ನಿಮ್ಮ ಮುತ್ತಾತ ಇರುವುದಿಲ್ಲ. ಅವರು ಯಾವ ಸಂತೆಗೆ ಹೋಗುತ್ತಿದ್ದರು, ಯಾವ ಕೆರೆ ಒಡೆಯಿತು, ಬರ ಬಂದಾಗ ಜನ ಏನು ಮಾಡಿದರು, ಅದೆಲ್ಲ ಇರುತ್ತದೆ. ಬಾಂಬೆ ಗೆಜೆಟಿಯರಿನಲ್ಲಂತೂ ಒಂದೊಂದು ಸಮುದಾಯದ ಊಟ, ಉಡುಗೆ, ಮನೆ ಸಾಮಾನಿನ ತನಕ ಬರೆದಿದ್ದಾರೆ. ಓದಲು ಸೊಗಸು. ಆದರೆ ಬರೆದವರು ಕಂದಾಯ ವಸೂಲಿ ಮಾಡುವ ಸರ್ಕಾರದವರು ಅನ್ನುವುದು ತಲೆಯಲ್ಲಿ ಇರಲಿ. ಇಂಥ ಜಾತಿಯವರು ಸೋಮಾರಿಗಳು, ಇಂಥವರು ಕಳ್ಳರು ಅಂತ ಒಂದೇ ಸಾಲಿನಲ್ಲಿ ಷರಾ ಬರೆದು ಮುಂದೆ ಹೋಗಿಬಿಡುತ್ತಾರೆ.

ಊರು ಹಳೆಯದಾದರೆ ಎಪಿಗ್ರಾಫಿಯಾ ಕರ್ನಾಟಿಕವನ್ನೂ ಒಂದು ಸಲ ತಿರುವಿ. ಹಳೇ ಮೈಸೂರಿನ ಶಾಸನಗಳು ಅದರಲ್ಲಿ ತಾಲ್ಲೂಕುವಾರು ಇವೆ, ನಿಮ್ಮ ಊರಿನ ಹಳೇ ಹೆಸರು ಸಿಕ್ಕರೂ ಸಿಗಬಹುದು. ಎಂ.ಎಂ. ಕಲಬುರ್ಗಿ ಸಂಪಾದಿಸಿದ ಕೈಫಿಯತ್ತುಗಳ ಸಂಪುಟವನ್ನೂ ನೋಡಿ. ಬ್ರಿಟಿಷರ ಸರ್ವೆ ಅಧಿಕಾರಿ ಕರ್ನಲ್ ಮೆಕೆಂಜಿ ಸುಮಾರು ಇನ್ನೂರು ವರ್ಷದ ಹಿಂದೆ ಜನರನ್ನು ಕಳಿಸಿ ಊರೂರಿನ ಕತೆ ಬರೆಸಿಕೊಂಡಿದ್ದ. ಅವೇ ಕೈಫಿಯತ್ತುಗಳು. ಒಂದು ಎಚ್ಚರಿಕೆ. ಶಾಸನದಲ್ಲಿ ಒಬ್ಬ ಗೌಡನ ಹೆಸರು ಕಂಡ ಕೂಡಲೇ "ಇವರೇ ನಮ್ಮ ಮೂಲಪುರುಷರು" ಅಂತ ಫ್ಲೆಕ್ಸ್ ಹಾಕಿಸಿದವರನ್ನು ನೋಡಿದ್ದೇನೆ. ನಡುವೆ ಐನೂರು ವರ್ಷ ಇದೆ, ಅಷ್ಟು ಅವಸರ ಬೇಡ.

ಬೀರುವಿನ ತಳದ ಸ್ಮರಣ ಸಂಚಿಕೆ

ನನ್ನನ್ನು ಕೇಳಿದರೆ ಊರ ಲೈಬ್ರರಿಯ ನಿಜವಾದ ಆಸ್ತಿ ಗೆಜೆಟಿಯರ್ ಅಲ್ಲ. ಗೆಜೆಟಿಯರ್ ಬೆಂಗಳೂರಿನಲ್ಲೂ ಸಿಗುತ್ತದೆ, ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆಯಾಗಿಯೂ ಸಿಗುತ್ತದೆ. ಬೇರೆಲ್ಲೂ ಸಿಗದೆ ಅಲ್ಲಿ ಮಾತ್ರ ಸಿಗುವುದು ಸ್ಮರಣ ಸಂಚಿಕೆ. ಹೈಸ್ಕೂಲಿನ ಶತಮಾನೋತ್ಸವ, ಸಹಕಾರ ಸಂಘದ ಸುವರ್ಣ ಮಹೋತ್ಸವ, ತಾಲ್ಲೂಕು ಸಾಹಿತ್ಯ ಸಮ್ಮೇಳನ, ದೇವಸ್ಥಾನದ ಜೀರ್ಣೋದ್ಧಾರ, ಹಿರಿಯ ಮೇಷ್ಟ್ರೊಬ್ಬರ ಅಭಿನಂದನ ಗ್ರಂಥ. ಐನೂರು ಪ್ರತಿ ಅಚ್ಚಾಗಿ, ಊರಲ್ಲೇ ಹಂಚಿ, ಒಂದು ಪ್ರತಿ ಲೈಬ್ರರಿಗೆ ಅಂತ ಕೊಟ್ಟುಹೋಗಿರುತ್ತಾರೆ. ಎಷ್ಟೋ ಕಡೆ ಅವನ್ನು ಕ್ಯಾಟಲಾಗಿಗೇ ಸೇರಿಸಿರುವುದಿಲ್ಲ. ದಾರ ಕಟ್ಟಿ ಬೀರುವಿನ ತಳದಲ್ಲಿ ಇಟ್ಟಿರುತ್ತಾರೆ.

ಅದರಲ್ಲಿ ಮೊದಲ ಮೂವತ್ತು ಪುಟ ಶುಭಾಶಯದ ಪತ್ರಗಳು, ಬಿಟ್ಟುಬಿಡಿ. ಗುಂಪು ಫೋಟೊ ಹುಡುಕಿ. ಕೆಳಗೆ ಸಣ್ಣಕ್ಷರದಲ್ಲಿ "ಕುಳಿತವರು, ಎಡದಿಂದ ಬಲಕ್ಕೆ" ಅಂತ ಶುರುವಾಗುತ್ತದಲ್ಲ, ಆ ಸಾಲುಗಳಲ್ಲಿ ಬೇರೆ ಯಾವ ಅಚ್ಚಾದ ಪುಸ್ತಕದಲ್ಲೂ ಇರದ ಹೆಸರುಗಳು ಇರುತ್ತವೆ. ಆಮೇಲೆ ಕೊನೆಯ ಪುಟಗಳು: ಹಳೇ ವಿದ್ಯಾರ್ಥಿಗಳ ಪಟ್ಟಿ, ಕಟ್ಟಡಕ್ಕೆ ದಾನ ಕೊಟ್ಟವರ ಪಟ್ಟಿ.

ನನಗೆ ಸಿಕ್ಕಿದ್ದು ದಾನಿಗಳ ಪಟ್ಟಿಯಲ್ಲೇ. ಹೋಬಳಿಯ ಕೇಂದ್ರದಲ್ಲಿದ್ದ ಒಂದು ಮಿಡ್ಲ್ ಸ್ಕೂಲಿನ ಸಂಚಿಕೆ. ಕಟ್ಟಡ ಕಟ್ಟುವಾಗ ಯಾರ್‍ಯಾರು ಎಷ್ಟು ಕೊಟ್ಟರು ಅಂತ ಹಳೇ ಲೆಕ್ಕದ ಪುಸ್ತಕ ನೋಡಿ ಹಾಗೇ ಅಚ್ಚು ಹಾಕಿದ್ದರು. ಒಬ್ಬರು 25 ರೂಪಾಯಿ. ಒಬ್ಬರು ಎರಡು ಗಾಡಿ ಕಲ್ಲು. ಒಬ್ಬರು ಬಾಗಿಲಿಗೆ ಬೇವಿನ ಮರ. ಅದರ ಕೆಳಗೆ ನಮ್ಮ ಮುತ್ತಾತನ ಹೆಸರು, 5 ರೂಪಾಯಿ. ಹೆಸರಿನ ಮುಂದೆ ಊರು: "ಹಾ. ಹೊಸಹಳ್ಳಿ".

ಹಾ ಅಂದರೆ ಏನು? ಅಚ್ಚಿನ ತಪ್ಪು ಅಂದುಕೊಂಡೆ. ಕೈಪಿಡಿಯಿಂದ ಬರೆದುಕೊಂಡಿದ್ದ ಎರಡು ಹೊಸಹಳ್ಳಿಗೂ ಹಾ ಸೇರುತ್ತಿರಲಿಲ್ಲ.

ಹಾಗಂತ ಎಲ್ಲ ಲೈಬ್ರರಿಯಲ್ಲೂ ಇವು ಉಳಿದಿರುತ್ತವೆ ಅಂದುಕೊಳ್ಳಬೇಡಿ. ನಾನು ಹೋದ ಇನ್ನೊಂದು ಊರಿನ ಲೈಬ್ರರಿಯಲ್ಲಿ ಹಳೇ ಸಂಚಿಕೆಗಳನ್ನೂ ಪತ್ರಿಕೆಯ ಬೌಂಡ್ ಸಂಪುಟಗಳನ್ನೂ ಮಳೆ ನೀರು ಸೋರಿ ಹಾಳಾದವು ಅಂತ ತೂಕಕ್ಕೆ ಹಾಕಿದ್ದರು. ನಿಮ್ಮ ಮನೆಯಲ್ಲಿ ಅಂಥ ಸಂಚಿಕೆ ಇದ್ದರೆ ರದ್ದಿಗೆ ಹಾಕುವ ಮುಂಚೆ ಸ್ಕ್ಯಾನ್ ಮಾಡಿಸಿ ಇಡಿ.

ಹಳ್ಳಿಯವರಾದರೆ ಗ್ರಾಮ ಪಂಚಾಯಿತಿ ಲೈಬ್ರರಿಗೂ ಹೋಗಿ. 2019ರಲ್ಲಿ ಇವನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿದರು, ಈಗ ಅರಿವು ಕೇಂದ್ರ ಅನ್ನುತ್ತಾರೆ. ಪುಸ್ತಕ ಹೆಚ್ಚೇನೂ ಇರಲಿಕ್ಕಿಲ್ಲ. ಆದರೆ ಬೆಳಿಗ್ಗೆ ಪೇಪರ್ ಓದಲು ಬರುವ ಹಿರಿಯರು ಇರುತ್ತಾರೆ. ಅವರ ಪಕ್ಕ ಕೂತರೆ ಸಾಕು.

ಹೆಣ್ಣುಮಕ್ಕಳ ಹೆಸರೆಲ್ಲಿ?

ಇಷ್ಟು ಹುಡುಕಿದ ಮೇಲೆ ಒಂದು ದಿನ ನನ್ನ ತಂಗಿ ನೋಟ್‌ಬುಕ್ ನೋಡಿ, "ಅಣ್ಣಾ, ಇದರಲ್ಲಿ ಒಬ್ಬ ಹೆಂಗಸೂ ಇಲ್ವಲ್ಲೋ" ಅಂದಳು. ನಿಜ. ಜಮೀನಿನ ಕಾಗದದಲ್ಲಿ ಅವರಿಲ್ಲ. ದಾನಿಗಳ ಪಟ್ಟಿಯಲ್ಲಿ ಇಲ್ಲ. ಮನೆಯಲ್ಲಿ ಬರೆದಿಟ್ಟ ವಂಶವೃಕ್ಷದಲ್ಲೂ ಗಂಡುಮಕ್ಕಳ ಕೊಂಬೆ ಮಾತ್ರ. ಮದುವೆಯಾದ ಮೇಲೆ ಹೆಸರು ಬದಲಾಯಿಸುವ ಮನೆಗಳಲ್ಲಂತೂ ತವರಿನ ಹೆಸರು ಪೂರ್ತಿ ಅಳಿಸಿಹೋಗಿರುತ್ತದೆ.

ಅಲ್ಪಸ್ವಲ್ಪ ಸಿಗುವುದು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗಳಲ್ಲಿ, ಮಹಿಳಾ ಸಮಾಜದ ವರದಿಗಳಲ್ಲಿ. ಸಬ್ ರಿಜಿಸ್ಟ್ರಾರ್ ಕಚೇರಿಯ ದಾನಪತ್ರ, ವಿಭಾಗಪತ್ರಗಳಲ್ಲೂ ಸಿಗಬಹುದು. ವಿಧವೆಗೆ ಜೀವನಾಂಶ ಬರೆದುಕೊಟ್ಟಾಗ, ಮಗಳಿಗೆ ಅರಿಶಿನ ಕುಂಕುಮಕ್ಕೆ ಅಂತ ಜಮೀನು ಕೊಟ್ಟಾಗ ಅವರ ಹೆಸರು ಬರೆಯಲೇಬೇಕಿತ್ತು. ಉಳಿದದ್ದು ಅಜ್ಜಿಯರ ಬಾಯಲ್ಲಿ. ಅದಕ್ಕೇ ಅವರನ್ನು ಮೊದಲು ಕೇಳಿ ಅಂದಿದ್ದು.

ಲೈಬ್ರರಿಯಿಂದ ಆಚೆ

ಊರು ಖಚಿತವಾದರೆ ಮುಂದಿನ ಬಾಗಿಲುಗಳು ಸರಿಯಾಗಿ ಕಾಣುತ್ತವೆ. ಶಾಲೆ ಯಾವುದು ಅಂತ ಸಂಚಿಕೆ ಹೇಳಿದರೆ, ಆ ಶಾಲೆಯ ದಾಖಲಾತಿ ರಿಜಿಸ್ಟರು. ಅದರಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಊರು, ಜಾತಿ, ಹುಟ್ಟಿದ ದಿನ ಎಲ್ಲ ಒಂದೇ ಸಾಲಿನಲ್ಲಿ. ಜಾತಿ ಪ್ರಮಾಣಪತ್ರಕ್ಕೆ ಇವತ್ತಿಗೂ ಜನ ಅದರ ನಕಲು ತೆಗೆಸುತ್ತಾರೆ, ಹಾಗಾಗಿ ಹೆಡ್‌ಮಾಸ್ಟರಿಗೆ ನಿಮ್ಮ ಕೋರಿಕೆ ಹೊಸದೇನಲ್ಲ. ಜಮೀನಿನದ್ದಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಸರ್ಕಾರಿ ನೌಕರಿಯಲ್ಲಿ ಇದ್ದವರಾದರೆ, ಹಳೇ ಮೈಸೂರು ಗೆಜೆಟ್‌ನಲ್ಲಿ ವರ್ಗಾವಣೆಯ ಸಾಲುಗಳು. ಅದಕ್ಕೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ, ಅಂದರೆ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ವಿಚಾರಿಸಿ, ಇಲ್ಲವೇ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಿ.

ಇನ್ನು ನಮ್ಮ ನಾಡಿನದ್ದೇ ಆದ ಒಂದು ದಾರಿ ಇದೆ, ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬಂದು, ಮನೆ ಮುಂದೆ ನಿಂತು, ಆ ಮನೆಯ ಏಳು ತಲೆಮಾರನ್ನು ಹೇಳಿ ಕಾಳು ಕಡ್ಡಿ ಪಡೆದು ಹೋಗುತ್ತಿದ್ದವರು. ಈಗಲೂ ಕೆಲವು ಕಡೆ ಬರುತ್ತಾರೆ. ಇಂಥ ಮನೆತನಗಳು ಇಂಥ ಹೆಳವರಿಗೆ ಅಂತ ಹಂಚಿಕೆ ಇದೆ, ಪುಸ್ತಕಗಳೂ ಇವೆ. ಲೈಬ್ರರಿಯಲ್ಲಿ ಸಿಗದ ಹೆಸರು ಅವರ ಬಾಯಲ್ಲಿ ಸಿಗಬಹುದು. ಅವರು ಹೇಳಿದ್ದರಲ್ಲಿ ಯಾವುದು ಕೂಡುತ್ತದೆ ಅಂತ ನೋಡಲು ಮತ್ತೆ ಲೈಬ್ರರಿಯ ವರ್ಷ, ಊರು, ಬರ, ಪ್ಲೇಗುಗಳೇ ಬೇಕು. ಎರಡನ್ನೂ ಎದುರುಬದುರು ಇಟ್ಟು ನೋಡಬೇಕು.

ನನ್ನ "ಹಾ. ಹೊಸಹಳ್ಳಿ" ಬಿಡಿಸಿದ್ದು ಪುಸ್ತಕ ಅಲ್ಲ. ಆ ಪುಟದ ಫೋಟೊ ತಂದು ಅಜ್ಜಿಗೆ ಓದಿ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು.

"ಹಾಳು ಹೊಸಹಳ್ಳಿ ಇರಬೇಕು ಕಣೋ. ಹಾಳೂರಮ್ಮ ಅಂತಿರಲಿಲ್ಲವಾ ನಮ್ಮತ್ತೆ? ಪ್ಲೇಗ್ ಬಂದು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡ್ರಂತೆ. ಆಮೇಲೆ ಯಾರೂ ವಾಪಸ್ ಹೋಗಲಿಲ್ಲವಂತೆ."

ಮಾರನೇ ದಿನ ಹೋಗಿ ಕೈಪಿಡಿಯನ್ನು ಮತ್ತೆ ತೆಗೆಸಿದೆ. ನಾನೇ ಹೊಡೆದುಹಾಕಿದ್ದ ಮೂರನೇ ಹೊಸಹಳ್ಳಿ. ಕಂದಾಯದವರ ಮಾತಿನಲ್ಲಿ ಇಂಥ ಊರಿಗೆ ಬೇಚರಾಕ್ ಗ್ರಾಮ ಅನ್ನುತ್ತಾರೆ. ಜನ ಇರುವುದಿಲ್ಲ. ಆದರೆ ಗಡಿ ಇರುತ್ತದೆ, ಸರ್ವೆ ನಂಬರು ಇರುತ್ತದೆ, ಹೊಲಗಳಿಗೆ ಹಕ್ಕುದಾರರು ಇರುತ್ತಾರೆ. ಊರು ಹಾಳಾದರೂ ಕಡತ ಹಾಳಾಗಿರಬೇಕೆಂದಿಲ್ಲ.

ಹೋದ ತಿಂಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟೆ. ಗ್ರಾಮದ ಹೆಸರು ನೋಡಿ ಗುಮಾಸ್ತರು ತಲೆ ಎತ್ತಿದರು.

"ಅಲ್ಲಿ ಯಾರೂ ಇಲ್ವಲ್ಲ ಸಾರ್?"

"ಗೊತ್ತು ಸಾರ್. ಹಳೇ ಇಂಡೆಕ್ಸ್ ಒಂದು ನೋಡಬೇಕಿತ್ತು."

"ಮುಂದಿನ ವಾರ ಬನ್ನಿ," ಅಂದರು.